'ಪಾರ್ಕಿನ್‌ಸನ್ಸ್ ಲಾ' ಓದಿ ನಕ್ಕಾಯಿತು, ಇನ್ನು ಅದನ್ನು ವ್ಯಾಪಾರದ ಲೆಕ್ಕಕ್ಕೆ ತರುವುದು ಹೇಗೆ?

ಕೊಟ್ಟಷ್ಟು ಸಮಯವನ್ನೆಲ್ಲ ತುಂಬುವ ತನಕ ಕೆಲಸ ಹಿಗ್ಗುತ್ತಲೇ ಹೋಗುತ್ತದೆ. 1955ರ ನವೆಂಬರಿನಲ್ಲಿ ಲಂಡನ್ನಿನ 'ದಿ ಎಕನಾಮಿಸ್ಟ್' ಪತ್ರಿಕೆಯಲ್ಲಿ ಬಂದ ಒಂದು ಹಾಸ್ಯ ಪ್ರಬಂಧ ಶುರುವಾಗಿದ್ದು ಈ ಮಾತಿನಿಂದ. ಬರೆದವರು ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್. ಆಗ ಅವರು ಸಿಂಗಾಪುರದಲ್ಲಿ, ಮಲಯ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರಾಗಿದ್ದರು. 1957ರಲ್ಲಿ ಆ ಪ್ರಬಂಧಕ್ಕೆ ಇನ್ನಷ್ಟು ಸೇರಿ 'ಪಾರ್ಕಿನ್‌ಸನ್ಸ್ ಲಾ' ಎಂಬ ಪುಟ್ಟ ಪುಸ್ತಕವಾಯಿತು. ಒಟ್ಟು ಹತ್ತು ಅಧ್ಯಾಯ. ಒಂದು ಭಾನುವಾರ ಕೂತರೆ ಮುಗಿಯುತ್ತದೆ.

ಓದಿದವರು ನಗುತ್ತಾರೆ, ಸರ್ಕಾರಿ ಕಚೇರಿಗೆ ಹೇಳಿ ಬರೆಸಿದಂತಿದೆ ಎನ್ನುತ್ತಾರೆ, ಪುಸ್ತಕ ಕಪಾಟು ಸೇರುತ್ತದೆ. ಪಾರ್ಕಿನ್‌ಸನ್ ಕೂಡ ಪರಿಹಾರ ಹೇಳುವ ಗೋಜಿಗೆ ಹೋಗಿಲ್ಲ. ಕಳೆ ಕೀಳುವುದು ಸಸ್ಯವಿಜ್ಞಾನಿಯ ಕೆಲಸವಲ್ಲ, ಅದು ಎಷ್ಟು ಬೇಗ ಬೆಳೆಯುತ್ತದೆಂದು ತಿಳಿಸಿದರೆ ಸಾಕು ಎಂಬರ್ಥದ ಮಾತಿನಿಂದ ಮೊದಲ ಪ್ರಬಂಧ ಮುಗಿಸುತ್ತಾರೆ. ಕೀಳುವುದು ಓದಿದವರಿಗೆ ಬಿಟ್ಟದ್ದು. ಐದರಿಂದ ಐವತ್ತು ಜನ ದುಡಿಯುವ ಅಂಗಡಿ, ಏಜೆನ್ಸಿ ಅಥವಾ ಸಣ್ಣ ಕಾರ್ಖಾನೆ ನಡೆಸುವವರು ಅದನ್ನು ಹೇಗೆ ಮಾಡಬಹುದು ಎಂಬುದು ಇಲ್ಲಿದೆ.

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್

ಪುಟವನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ನಗು ಬಂದ ಜಾಗ. ಎರಡನೆಯದರಲ್ಲಿ ಅದೇ ಸಂಗತಿ ನಮ್ಮಲ್ಲಿ ಎಲ್ಲಿ ನಡೆಯುತ್ತಿದೆ ಎಂಬುದು: ಯಾವ ಟೇಬಲ್ಲು, ಯಾವ ಕಾಗದ. ಮೂರನೆಯದರಲ್ಲಿ ಅದನ್ನು ಎಣಿಸುವ ಬಗೆ, ನಿಮಿಷವೋ ರೂಪಾಯಿಯೋ ಜನರ ಸಂಖ್ಯೆಯೋ. ಮೂರನೇ ಕಾಲಂ ತುಂಬಲು ಆಗದಿದ್ದರೆ ಆ ಸಾಲನ್ನು ಹೊಡೆದುಹಾಕಿ. ಎಣಿಸಲಾಗದ್ದನ್ನು ಹಿಡಿದು ಹೊರಟರೆ ಕೊನೆಗೆ ಒಬ್ಬ ನೌಕರನ ಮೇಲೆ ಗುಮಾನಿ ಉಳಿಯುತ್ತದೆಯೇ ಹೊರತು ಬೇರೇನೂ ಬದಲಾಗುವುದಿಲ್ಲ.

ಎಲ್ಲ ಅಧ್ಯಾಯಗಳೂ ವ್ಯಾಪಾರಕ್ಕೆ ಒದಗುವುದಿಲ್ಲ. ಸಿಬ್ಬಂದಿ ಬೆಳೆಯುವ ಪರಿ, ಹಣಕಾಸು ಸಮಿತಿಯ ಸಭೆ, ಕೆಲಸಕ್ಕೆ ಆಯ್ಕೆ ಮಾಡುವ ಬಗೆ, ಈ ಮೂರನ್ನು ಮೊದಲು ಓದಿ. ಕಟ್ಟಡಗಳ ಅಧ್ಯಾಯವೂ ಸಂಸ್ಥೆಗಳಿಗೆ ಬಡಿಯುವ ಕಾಯಿಲೆಯ ಅಧ್ಯಾಯವೂ ಆಮೇಲೆ. ಚೀನೀ ವ್ಯಾಪಾರಿಗಳ ಕುರಿತ ಅಧ್ಯಾಯದಲ್ಲಿ ಒಂದು ಸಮುದಾಯವನ್ನೇ ಒಂದೇ ಅಚ್ಚಿಗೆ ಹಾಕಿದ್ದಾರೆ, ಅದರಿಂದ ಪಾಠ ತೆಗೆಯಲು ಹೋಗಬೇಡಿ. ಪುಸ್ತಕದಲ್ಲಿ ಅಲ್ಲಲ್ಲಿ ಬರುವ ಗಣಿತದ ಸೂತ್ರಗಳು ವಿಡಂಬನೆಗಾಗಿ ಕಟ್ಟಿದವು. ಅವಕ್ಕೆ ನಿಮ್ಮ ಅಂಕಿ ಹಾಕಿ ಉತ್ತರ ಹುಡುಕುವುದು ವ್ಯರ್ಥ.

ನಿಯಮವನ್ನು ಸರಿಯಾಗಿ ಓದಿಕೊಳ್ಳಿ

ಬಹುಪಾಲು ಜನ ಎಡವುವುದು ಇಲ್ಲೇ. ನೌಕರರು ಸೋಮಾರಿಗಳು, ಗಡುವು ಕಡಿಮೆ ಮಾಡಿದರೆ ಸರಿಹೋಗುತ್ತದೆ ಎಂದು ನಿಯಮವನ್ನು ಅರ್ಥಮಾಡಿಕೊಳ್ಳುತ್ತಾರೆ. ಒಂದು ಪೋಸ್ಟ್‌ಕಾರ್ಡ್ ಬರೆದು ಹಾಕಲು ಇಡೀ ದಿನ ಕಳೆಯುವ ವೃದ್ಧೆಯ ಚಿತ್ರ ಪ್ರಬಂಧದ ಆರಂಭದಲ್ಲಿದೆ, ನಿಜ. ಅದು ಪೀಠಿಕೆ ಅಷ್ಟೇ. ವಾದದ ತಿರುಳು ಬೇರೆ: ಯಾರೂ ಸೋಮಾರಿಯಲ್ಲದಿದ್ದರೂ, ಎಲ್ಲರೂ ಸಂಜೆಯ ತನಕ ಬೆವರು ಸುರಿಸಿದರೂ, ಆಡಳಿತದ ಜನ ಹೆಚ್ಚುತ್ತಲೇ ಇರುತ್ತಾರೆ. ಅದಕ್ಕೆ ಕೊಡುವ ಕಾರಣ ಎರಡು. ಅಧಿಕಾರಿಗೆ ಕೈಕೆಳಗಿನವರು ಬೇಕು, ಪ್ರತಿಸ್ಪರ್ಧಿ ಬೇಡ. ಮತ್ತು ಅಧಿಕಾರಿಗಳು ಒಬ್ಬರಿಗೊಬ್ಬರು ಕೆಲಸ ಹುಟ್ಟಿಸುತ್ತಾರೆ. ಒಬ್ಬ ಮಾಡುತ್ತಿದ್ದ ಕೆಲಸಕ್ಕೆ ಏಳು ಜನರಾದ ಮೇಲೂ ಮೇಲಿನವನು ಮೊದಲಿಗಿಂತ ತಡವಾಗಿ ಮನೆಗೆ ಹೋಗುತ್ತಾನೆ.

ಸಾಕ್ಷಿಗೆ ಬ್ರಿಟಿಷ್ ನೌಕಾಪಡೆಯ ಅಂಕಿಗಳಿವೆ. 1914ರಲ್ಲಿ ಸೇವೆಯಲ್ಲಿದ್ದ ದೊಡ್ಡ ಯುದ್ಧನೌಕೆಗಳು 62, 1928ರಲ್ಲಿ 20. ಅಧಿಕಾರಿಗಳೂ ನಾವಿಕರೂ ಸೇರಿ 1,46,000 ಇದ್ದವರು 1,00,000ಕ್ಕೆ ಇಳಿದರು. ಅದೇ ಅವಧಿಯಲ್ಲಿ ಲಂಡನ್ನಿನ ನೌಕಾ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು.

ಈ ಪಟ್ಟಿಯನ್ನೇ ನಿಮ್ಮ ಸಂಸ್ಥೆಗೆ ಮಾಡಿ. ಕಳೆದ ಮೂರು ಹಣಕಾಸು ವರ್ಷಗಳ ಮಾರ್ಚ್ ತಿಂಗಳನ್ನು ತೆಗೆದುಕೊಳ್ಳಿ. ಪ್ರತಿ ಮಾರ್ಚ್‌ಗೂ ಮೂರು ಅಂಕಿ ಬೇಕು: ಕಡಿದ ಬಿಲ್ಲುಗಳು ಅಥವಾ ಹೊರಹೋದ ಮಾಲಿನ ಸಂಖ್ಯೆ; ತಯಾರಿಸುವ, ಮಾರುವ, ತಲುಪಿಸುವ ಜನ; ಬರೆದಿಡುವ, ಪರಿಶೀಲಿಸುವ, ಮೇಲ್ವಿಚಾರಣೆ ಮಾಡುವ ಜನ. ಉದಾಹರಣೆಗೆ ತಿಂಗಳಿಗೆ 600 ಬಿಲ್ಲಿಗೆ ಕಚೇರಿಯಲ್ಲಿ ಮೂವರಿದ್ದರು, ಈಗ 660 ಬಿಲ್ಲಿಗೆ ಐವರಿದ್ದಾರೆ ಎನ್ನಿ. ಆಗ ತಲೆಗೆ 200 ಬಿಲ್ಲು, ಈಗ 132. ರೂಪಾಯಿ ವಹಿವಾಟಿನಲ್ಲಿ ಈ ಲೆಕ್ಕ ಹಾಕಬೇಡಿ. ಬೆಲೆ ಏರಿದ್ದಕ್ಕೇ ವಹಿವಾಟು ಏರಿರುತ್ತದೆ, ರೋಗ ಮುಚ್ಚಿಹೋಗುತ್ತದೆ. ಅರ್ಧ ದಿನ ಮಾರಾಟ, ಅರ್ಧ ದಿನ ಲೆಕ್ಕ ನೋಡುವವರನ್ನು ಎರಡೂ ಕಡೆ ಅರ್ಧರ್ಧ ಹಾಕಿ.

ಅಂಕಿ ಇಳಿದಿದೆ ಎಂದ ಮಾತ್ರಕ್ಕೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಜಿಎಸ್‌ಟಿ ಬಂದ ಮೇಲೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಬೇಕೆಂದು ನಿಜವಾದ ಕೆಲಸವೇ ಹೆಚ್ಚಿದ ಅಂಗಡಿಗಳಿವೆ. ಹೊರಗಿನ ಕಾನೂನು, ಬ್ಯಾಂಕು, ಗಿರಾಕಿ ಕೇಳುವ ಕೆಲಸ ಒಂದು ಕಡೆ ಬರೆಯಿರಿ. ನಾವೇ ನಮಗಾಗಿ ಹುಟ್ಟಿಸಿಕೊಂಡ ವರದಿ, ರಿಜಿಸ್ಟರು, ಸಹಿ ಇನ್ನೊಂದು ಕಡೆ. ಪಾರ್ಕಿನ್‌ಸನ್ ಹೇಳಿದ್ದು ಎರಡನೆಯದರ ಬಗ್ಗೆ.

ಒಂದು ಕೊಟೇಶನ್ ನಡೆದುಹೋಗುವ ದಾರಿ

ಇಡೀ ಪುಸ್ತಕದಿಂದ ಒಂದೇ ಒಂದು ಕೆಲಸ ಮಾಡುವಿರಾದರೆ ಇದನ್ನು ಮಾಡಿ. ಒಂದು ಪತ್ರ ಮೇಜಿನಿಂದ ಮೇಜಿಗೆ ಹೋಗಿ, ಎಲ್ಲರೂ ತಿದ್ದಿ, ಕೊನೆಗೆ ಮೊದಲನೆಯವನೇ ಒಂಟಿಯಾಗಿ ಬರೆದಿದ್ದರೆ ಹೇಗಿರುತ್ತಿತ್ತೋ ಹಾಗೇ ಆಗುವ ಸನ್ನಿವೇಶ ಮೊದಲ ಅಧ್ಯಾಯದಲ್ಲಿದೆ. ವ್ಯಾಪಾರದಲ್ಲಿ ಆ ಪತ್ರವೆಂದರೆ ಕೊಟೇಶನ್. ನಿಮ್ಮ ಒಳಗಿನ ಓಡಾಟವನ್ನು ಗಿರಾಕಿ ನೇರವಾಗಿ ಅನುಭವಿಸುವುದು ಅಲ್ಲೇ.

1. ಕಳೆದ ತಿಂಗಳ ಹತ್ತು ಕೊಟೇಶನ್ ತೆಗೆಯಿರಿ. ಆರ್ಡರ್ ಸಿಕ್ಕಿದ್ದು ಐದು, ತಪ್ಪಿಹೋದದ್ದು ಐದು.

2. ವಿಚಾರಣೆ ಬಂದ ಹೊತ್ತು, ಕೊಟೇಶನ್ ಹೊರಟ ಹೊತ್ತು, ನಡುವೆ ಯಾರ್ಯಾರ ಕೈ ದಾಟಿತು, ಎಲ್ಲ ಬರೆಯಿರಿ. ನೆನಪನ್ನು ನಂಬಬೇಡಿ. ವಾಟ್ಸಾಪ್, ಇಮೇಲ್, ಫೋನಿನ ಕರೆಪಟ್ಟಿಯಲ್ಲಿ ಸಮಯ ಅಚ್ಚಾಗಿಯೇ ಇರುತ್ತದೆ.

3. ಪ್ರತಿ ಕೈಯಲ್ಲೂ ಕೆಲಸ ನಡೆದ ನಿಮಿಷ ಬೇರೆ, ಕಾದು ಬಿದ್ದಿದ್ದ ಗಂಟೆ ಬೇರೆ ಬರೆಯಿರಿ. ಕೆಲಸ ಅರ್ಧ ಗಂಟೆಯಷ್ಟೇ ಆಗಿ, ಕಾಗದ ಎರಡು ಮೂರು ದಿನ ಕೂತಿರುವುದು ಸಾಮಾನ್ಯ.

4. ಪ್ರತಿಯೊಬ್ಬರೂ ಏನು ಬದಲಿಸಿದರು ನೋಡಿ. ಹತ್ತರಲ್ಲಿ ಎಂಟು ಸಲ ದರ, ಪ್ರಮಾಣ, ತಲುಪಿಸುವ ದಿನ ಯಾವುದನ್ನೂ ಮುಟ್ಟದೆ ಬರೀ ಸಹಿ ಹಾಕಿದವರಿದ್ದರೆ ಆ ಹಂತವನ್ನು ತೆಗೆಯಿರಿ.

5. ಒಂದು ಮೊತ್ತದವರೆಗೆ, 25,000 ರೂಪಾಯಿ ಎಂದಿಟ್ಟುಕೊಳ್ಳೋಣ, ಮಾರಾಟದವರೇ ದರಪಟ್ಟಿ ನೋಡಿ ಅದೇ ದಿನ ಕಳಿಸಲಿ. ಅದಕ್ಕೆ ಮೇಲ್ಪಟ್ಟದ್ದಕ್ಕೆ ಒಬ್ಬರ ಒಪ್ಪಿಗೆ. ಇಬ್ಬರದ್ದಲ್ಲ.

ಇಲ್ಲಿ ಕೆಡುವುದು ರಿಯಾಯಿತಿಯ ವಿಷಯದಲ್ಲಿ. ಶೇ. 5ರವರೆಗೆ ನೀವೇ ಬಿಡಬಹುದು ಎಂದರೆ ಎರಡೇ ವಾರದಲ್ಲಿ ಎಲ್ಲ ಕೊಟೇಶನ್ನೂ ಶೇ. 5 ಕಳೆದೇ ಹೊರಡುತ್ತವೆ. 100 ರೂಪಾಯಿಯ ಮಾಲಿನಲ್ಲಿ 20 ರೂಪಾಯಿ ಉಳಿಯುತ್ತಿದ್ದರೆ 5 ಬಿಟ್ಟಾಗ ಉಳಿಯುವುದು 15. ಮೊದಲಿನಷ್ಟೇ ಗಳಿಸಲು ಮೂರನೇ ಒಂದು ಭಾಗ ಹೆಚ್ಚು ಮಾಲು ಮಾರಬೇಕು. ಆದ್ದರಿಂದ ಮಾರಾಟದವರ ಪ್ರೋತ್ಸಾಹಧನವನ್ನು ವಹಿವಾಟಿಗೆ ಕಟ್ಟದೆ ಉಳಿದ ಲಾಭಕ್ಕೆ ಕಟ್ಟಿ. ಯಾರು ಸರಾಸರಿ ಎಷ್ಟು ಬಿಟ್ಟರು ಎಂಬ ಪಟ್ಟಿ ಪ್ರತಿ ಶನಿವಾರ ನಿಮ್ಮ ಮೇಜಿಗೆ ಬರಲಿ.

ಗಡುವು ಬಿಗಿ ಮಾಡುವುದು ಈ ದಾರಿ ಚೊಕ್ಕಟವಾದ ಮೇಲೆ. ಅದೂ ಕಾಗದದ ಕೆಲಸಕ್ಕೆ: ಹಬ್ಬದ ಜಾಹೀರಾತಿನ ಬರಹ, ಕ್ಯಾಟಲಾಗ್, ದರಪಟ್ಟಿ. ದೀಪಾವಳಿಯ ಪೋಸ್ಟರಿಗೆ ಒಂದು ತಿಂಗಳು ಕೊಟ್ಟರೆ ಹನ್ನೆರಡು ಸಲ ತಿದ್ದಿಸುತ್ತಾರೆ. ನಾಲ್ಕು ದಿನ ಮತ್ತು ಎರಡೇ ಸುತ್ತಿನ ತಿದ್ದುಪಡಿ ಎಂದು ಮೊದಲೇ ಹೇಳಿ. ಬಣ್ಣ ಒಣಗುವ, ಹಿಟ್ಟು ಹುದುಗುವ, ಸಿಮೆಂಟು ಗಟ್ಟಿಯಾಗುವ ಸಮಯಕ್ಕೆ ಪಾರ್ಕಿನ್‌ಸನ್ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಸಮಯ ಕತ್ತರಿಸಿದರೆ ಮಾಲು ವಾಪಸ್ ಬರುತ್ತದೆ.

ಸೈಕಲ್ ಶೆಡ್ಡಿನ ಸಭೆ

ಹಣಕಾಸು ಸಮಿತಿಯ ಅಧ್ಯಾಯ ಪುಸ್ತಕದಲ್ಲೇ ಅತ್ಯುತ್ತಮವಾದದ್ದು. ಅಣು ರಿಯಾಕ್ಟರಿನ ಭಾರಿ ಖರ್ಚು ಎರಡೂವರೆ ನಿಮಿಷದಲ್ಲಿ ಪಾಸಾಗುತ್ತದೆ. ಗುಮಾಸ್ತರ ಸೈಕಲ್ ಶೆಡ್ಡಿಗೆ 45 ನಿಮಿಷ ಹಿಡಿಯುತ್ತದೆ. ಸಭೆಯ ಕಾಫಿ ಖರ್ಚಿನ ಮೇಲಿನ ಚರ್ಚೆ ಒಂದೂಕಾಲು ಗಂಟೆ ನಡೆಯುತ್ತದೆ. ರಿಯಾಕ್ಟರ್ ಅರ್ಥವಾಗದವರು ಅದನ್ನು ಒಪ್ಪಿಕೊಳ್ಳಲು ಹಿಂಜರಿದು ಸುಮ್ಮನಿರುತ್ತಾರೆ, ಶೆಡ್ಡು ಎಲ್ಲರಿಗೂ ಗೊತ್ತು, ಕಾಫಿಯ ವಿಷಯದಲ್ಲಂತೂ ಪ್ರತಿಯೊಬ್ಬರೂ ತಜ್ಞರು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೇಳಿಬರುವ 'ಬೈಕ್‌ಶೆಡ್ಡಿಂಗ್' (ಸಣ್ಣ ವಿಷಯಕ್ಕೇ ಹೊತ್ತೆಲ್ಲ ಕಳೆಯುವುದು) ಎಂಬ ಮಾತಿನ ಮೂಲ ಇದೇ ಶೆಡ್ಡು. 1999ರಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯ ಪ್ರೋಗ್ರಾಮರುಗಳ ಚರ್ಚೆಯಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ಬಳಸಿದ ಮೇಲೆ ಅದು ಆ ವಲಯದಲ್ಲಿ ಹಬ್ಬಿತು.

ಸಣ್ಣ ಸಂಸ್ಥೆಯಲ್ಲಿ ಶೆಡ್ಡಿನ ಜಾಗಕ್ಕೆ ಬರುವುದು ಬೋರ್ಡಿನ ಬಣ್ಣ, ವಿಸಿಟಿಂಗ್ ಕಾರ್ಡಿನ ಅಕ್ಷರ, ಲೋಗೊ. ರಿಯಾಕ್ಟರಿನ ಜಾಗಕ್ಕೆ ಬರುವುದು ವಿತರಕರ ಕಮಿಷನ್, ಉದ್ರಿಯ ಅವಧಿ, ದರ. ವರ್ಷಕ್ಕೆ 40 ಲಕ್ಷದ ಮಾಲು ಎತ್ತುವ ವಿತರಕನಿಗೆ ಶೇ. 2 ಹೆಚ್ಚು ಕೊಡೋಣ ಎಂದು ಚಹಾ ಮುಗಿಯುವುದರೊಳಗೆ ತೀರ್ಮಾನಿಸಿದರೆ ಹೋಗುವುದು 80,000 ರೂಪಾಯಿ. ಒಂದೆರಡು ಸಾವಿರದ ಕಾರ್ಡಿಗೆ ಮಧ್ಯಾಹ್ನವೆಲ್ಲ ಕಳೆದಿರುತ್ತದೆ.

ಸರಿಪಡಿಸಲು ಸಭೆಯ ಪಟ್ಟಿಯಲ್ಲಿ ಪ್ರತಿ ವಿಷಯದ ಎದುರು ಅದು ಒಂದು ವರ್ಷಕ್ಕೆ ಮುಟ್ಟುವ ಹಣ ಬರೆಯಿರಿ. ದೊಡ್ಡ ಮೊತ್ತ ಮೊದಲು. 5,000 ರೂಪಾಯಿಗಿಂತ ಕಡಿಮೆಯದು ಸಭೆಗೆ ಬರಲೇಬಾರದು, ಅದು ಒಬ್ಬರ ಹೆಸರಿಗೆ ಬಿಟ್ಟ ನಿರ್ಧಾರ. ಆದರೆ ಕ್ರಮ ಬದಲಿಸಿದರಷ್ಟೇ ಸಾಲದು, ಮೌನಕ್ಕೆ ಕಾರಣ ತಿಳಿಯದಿರುವುದು ತಾನೆ? ಹಿಂದಿನ ದಿನವೇ ಒಂದು ಪುಟದ ಟಿಪ್ಪಣಿ ಹಂಚಿ: ಏನು ಮಾಡಬೇಕೆಂದಿದ್ದೇವೆ, ಹಣ ಎಷ್ಟು, ಬೇರೆ ಎರಡು ದಾರಿ ಯಾವುವು, ತಪ್ಪಿದರೆ ಕಳೆದುಕೊಳ್ಳುವುದೇನು. ಒಬ್ಬರಿಗೆ ವಿರೋಧದ ವಾದ ಮಂಡಿಸುವ ಹೊಣೆ ಕೊಡಿ, ಪ್ರತಿ ಸಲ ಬೇರೆಯವರಿಗೆ. ಸಂಸ್ಥೆಯಲ್ಲಿ ಕಿರಿಯರು ಮೊದಲು ಮಾತಾಡಲಿ. ಯಜಮಾನರು ಬಾಯಿ ಬಿಟ್ಟ ಮೇಲೆ ಬೇರೆ ಅಭಿಪ್ರಾಯ ಹೊರಬರುವುದು ಕಷ್ಟ.

ಇನ್ನು ಬಣ್ಣದ ಜಗಳ. ಅದನ್ನು ಮಾತಿನಿಂದ ತೀರಿಸದೆ ಗಿರಾಕಿಯಿಂದ ತೀರಿಸಿ. ಎರಡು ಬಗೆಯ ಕರಪತ್ರ ತಲಾ 1,000 ಅಚ್ಚು ಹಾಕಿಸಿ. ದಿನಪತ್ರಿಕೆಯೊಳಗಿಟ್ಟು ಹಂಚುವಾಗ ಒಂದೇ ಬಡಾವಣೆಗೆ ಎರಡನ್ನೂ ಬೆರೆಸಿ ಕೊಡಿಸಿ. ಒಂದು ಬಡಾವಣೆಗೆ ಒಂದು ಬಗೆ ಎಂದು ಹಂಚಿದರೆ ನೀವು ಅಳೆದದ್ದು ಬಡಾವಣೆಯನ್ನು, ಕರಪತ್ರವನ್ನಲ್ಲ. ಪ್ರತಿಯೊಂದಕ್ಕೂ ಬೇರೆ ಕೂಪನ್ ಅಕ್ಷರ ಹಾಕಿ ಎರಡು ವಾರ ಎಣಿಸಿ. ಒಂದಕ್ಕೆ 7, ಇನ್ನೊಂದಕ್ಕೆ 9 ಬಂದರೆ ಅದು ಆಕಸ್ಮಿಕವೂ ಆಗಿರಬಹುದು, ಅಗ್ಗದ್ದನ್ನು ಇಟ್ಟುಕೊಳ್ಳಿ. 7 ಮತ್ತು 25 ಬಂದರೆ ತೀರ್ಮಾನ ಸಿಕ್ಕಿತು.

ಇದರ ಪಕ್ಕದಲ್ಲೇ ಸಮಿತಿಗಳ ಗಾತ್ರದ ಅಧ್ಯಾಯವೂ ಇದೆ. ಐವರ ಸಮಿತಿ ಸರಿಯಾಗಿ ನಡೆಯುತ್ತದೆ, ಇಪ್ಪತ್ತು ದಾಟಿದ್ದು ಕೆಲಸಕ್ಕೆ ಬಾರದು ಎಂಬುದು ಅದರ ಸಾರ. 20 ಎಂಬ ಅಂಕಿಯನ್ನು ಶಾಸ್ತ್ರವೆಂದು ಹಿಡಿಯಬೇಕಿಲ್ಲ. ನಿರ್ಧಾರ ಆಗಬೇಕಾದ ವಾಟ್ಸಾಪ್ ಗುಂಪನ್ನು ಐವರಿಗೆ ನಿಲ್ಲಿಸಿ, ಸುದ್ದಿ ತಿಳಿಸುವ ಗುಂಪು ಬೇರೆ ಮಾಡಿ.

ಬೇಡದವರನ್ನು ದೂರವಿಡುವ ಜಾಹೀರಾತು

ಮಾರ್ಕೆಟಿಂಗ್ ಮಾಡುವವರು ಈ ಪುಸ್ತಕಕ್ಕೆ ಕೈ ಹಾಕಲು ಇದೊಂದೇ ಕಾರಣ ಸಾಕು. ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆಂದರೆ ಜಾಹೀರಾತು ಕೆಟ್ಟದಾಗಿದೆ ಎಂದರ್ಥ ಎನ್ನುತ್ತಾರೆ ಪಾರ್ಕಿನ್‌ಸನ್. ಉತ್ತಮ ಜಾಹೀರಾತಿಗೆ ಒಂದೇ ಅರ್ಜಿ ಬರಬೇಕು, ಅದು ಸರಿಯಾದವನದಾಗಿರಬೇಕು. ಉದಾಹರಣೆಗೆ ಉರಿಯುವ ಕುಲುಮೆಯ ಮೇಲೆ 200 ಅಡಿ ಎತ್ತರದಲ್ಲಿ ಸಡಿಲ ತಂತಿಯ ಮೇಲೆ ದಿನಾ ಎರಡು ಸಲ, ಶನಿವಾರ ಮೂರು ಸಲ ನಡೆಯುವ ಸರ್ಕಸ್ ಕಲಾವಿದ ಬೇಕೆಂಬ ಜಾಹೀರಾತು ಕೊಡುತ್ತಾರೆ. ಪಿಂಚಣಿಯಿಲ್ಲ, ಗಾಯವಾದರೆ ಪರಿಹಾರವಿಲ್ಲ ಎಂದೂ ಸೇರಿಸುತ್ತಾರೆ. ಕೆಲಸದ ಕಷ್ಟವೇ ಅರ್ಜಿದಾರರನ್ನು ಸೋಸುತ್ತದೆ, ಅರ್ಹತೆಗಳ ಪಟ್ಟಿ ಬೇಕಾಗುವುದಿಲ್ಲ.

ಇದನ್ನು ಗಿರಾಕಿಯ ಜಾಹೀರಾತಿಗೆ ತನ್ನಿ. 100 ಕರೆ ಬಂದರೆ, ಒಂದಕ್ಕೆ 5 ನಿಮಿಷದಂತೆ 500 ನಿಮಿಷ, ಅಂದರೆ 8 ಗಂಟೆ 20 ನಿಮಿಷ. ಒಬ್ಬರ ಒಂದು ದಿನದ ಸಂಬಳ ಅಲ್ಲಿಗೆ ಮುಗಿಯಿತು. ಅದರಲ್ಲಿ ಕೊಂಡವರು ಹನ್ನೆರಡು ಜನ ಎಂದಾದರೆ ಉಳಿದ 88 ಕರೆಗಳು ಯಾಕೆ ಬಂದವು ಎಂದು ಒಂದು ವಾರ ಬರೆದಿಡಿ. 'ದರ ಹೆಚ್ಚಾಯಿತು', 'ನಮ್ಮ ಊರಿಗೆ ಬರುವುದಿಲ್ಲವಂತೆ', 'ನಮಗೆ ಬೇಕಾದದ್ದು ಸ್ವಲ್ಪವೇ', 'ನಾಳೆಗೇ ಬೇಕಿತ್ತು', ಹೀಗೆ ನಾಲ್ಕೈದು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ. ಹೆಚ್ಚು ಸಲ ಬಂದ ಎರಡು ಕಾರಣಗಳಿಗೆ ಉತ್ತರ ಜಾಹೀರಾತಿನಲ್ಲೇ ಇರಲಿ.

ಅಡುಗೆ ಗುತ್ತಿಗೆಯವರು 'ರುಚಿಕರ, ಶುಚಿಕರ, ಎಲ್ಲ ಸಮಾರಂಭಗಳಿಗೂ ಸಂಪರ್ಕಿಸಿ' ಎಂದು ಹಾಕಿಸಿದರೆ ಊರೆಲ್ಲ ಕರೆ ಮಾಡುತ್ತದೆ. ಹೀಗೆ ಬರೆಯಬಹುದು: 'ಬಾಳೆಎಲೆ ಊಟ, ಸಸ್ಯಾಹಾರ ಮಾತ್ರ. ಎಲೆಗೆ 180 ರೂ.ನಿಂದ. ಕನಿಷ್ಠ 50 ಎಲೆ. ಮೈಸೂರು ನಗರದೊಳಗೆ. ಒಂದು ವಾರ ಮೊದಲು ಮುಂಗಡ ಕೊಡಬೇಕು.' ಕರೆ ಮೂರನೇ ಒಂದು ಭಾಗಕ್ಕೆ ಇಳಿದರೂ ಹೆದರಬೇಡಿ. ನೋಡಬೇಕಾದ ಅಂಕಿ ಎರಡೇ: ಒಟ್ಟು ಆರ್ಡರು ಇಳಿಯಿತೇ, ಒಂದು ಆರ್ಡರಿಗೆ ತಗುಲಿದ ಜಾಹೀರಾತು ಖರ್ಚು ಮತ್ತು ಕರೆಯ ನಿಮಿಷ ಇಳಿಯಿತೇ. ಆರ್ಡರೇ ಇಳಿದಿದ್ದರೆ ಒಂದು ಷರತ್ತು ಅತಿಯಾಗಿದೆ. ಒಂದೊಂದೇ ತೆಗೆದು ನೋಡಿ, ಎರಡನ್ನು ಒಟ್ಟಿಗೆ ತೆಗೆದರೆ ಯಾವುದು ತಡೆಯಾಗಿತ್ತೆಂದು ತಿಳಿಯುವುದಿಲ್ಲ.

ಈ ಉಪಾಯ ಒದಗದ ಸಂದರ್ಭವೂ ಇದೆ. ಜನರಿಗೆ ಗೊತ್ತೇ ಇಲ್ಲದ ಹೊಸ ಮಾಲು ತಂದಾಗ ಯಾರು ಕೊಳ್ಳುತ್ತಾರೆಂದು ನಿಮಗೂ ಗೊತ್ತಿರುವುದಿಲ್ಲ. ಆಗ ಬಾಗಿಲು ಅಗಲವಾಗಿರಲಿ, ಮೊದಲ ಮೂರು ತಿಂಗಳ ಕರೆಗಳೇ ನಿಮ್ಮ ಸಮೀಕ್ಷೆ.

ಕೆಲಸದ ಜಾಹೀರಾತಿಗಾದರೆ ನಿಜವಾದ ಕಷ್ಟವನ್ನು ಬರೆಯಿರಿ: ದಿನಕ್ಕೆ ಹದಿನೈದು ಅಂಗಡಿ ಸುತ್ತಬೇಕು, ಬೈಕು ಸ್ವಂತದ್ದಿರಬೇಕು, ವಸೂಲಿಯೂ ಮಾಡಬೇಕು, ಮೂಲ ಸಂಬಳ ಇಷ್ಟು, ಕಮಿಷನ್ ಇಷ್ಟು. ಸೋಸುವ ಜರಡಿ ಕೆಲಸದ್ದೇ ಆಗಿರಬೇಕು. ನೇಮಕದಲ್ಲಿ ಗಂಡು-ಹೆಣ್ಣೆಂಬ ತಾರತಮ್ಯ ಕಾನೂನಿಗೆ ವಿರುದ್ಧ. ಜಾತಿ, ಊರು ನೋಡಿ ಸೋಸುವುದು ಅನ್ಯಾಯವಷ್ಟೇ ಅಲ್ಲ, ಒಳ್ಳೆಯ ಕೆಲಸಗಾರರನ್ನು ಪಕ್ಕದ ಅಂಗಡಿಗೆ ಕಳಿಸಿದಂತೆ.

ಹೊಸ ಕಟ್ಟಡಕ್ಕೆ ಮುಂಚೆ

ಸಂಸ್ಥೆಯ ಕಟ್ಟಡ ಪರಿಪೂರ್ಣವಾಗುವುದು ಸಂಸ್ಥೆ ಕುಸಿಯುವ ಹೊತ್ತಿಗೆ ಎಂಬ ಅಧ್ಯಾಯದಲ್ಲಿ ನಮ್ಮ ನವದೆಹಲಿಯೂ ಇದೆ. 1911ರಲ್ಲಿ ಘೋಷಣೆಯಾದ ರಾಜಧಾನಿ ಉದ್ಘಾಟನೆಯಾದದ್ದು 1931ರಲ್ಲಿ, 1947ರಲ್ಲಿ ಬ್ರಿಟಿಷರು ಹೊರಟರು. ಕೆಲಸ ಚುರುಕಾಗಿ ನಡೆಯುವ ಕಡೆ ಕಟ್ಟಡ ಚಂದಗಾಣಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ ಎಂಬುದು ಪಾರ್ಕಿನ್‌ಸನ್ ಕೊಡುವ ಕಾರಣ.

ಶೋರೂಮಿನ ಒಳಾಂಗಣಕ್ಕೆ 6 ಲಕ್ಷ ಹಾಕುವ ಮುಂಚೆ ಹೀಗೆ ಲೆಕ್ಕ ಮಾಡಿ. ಮಾಲಿನ ಮೇಲೆ ಉಳಿಯುವುದು ಶೇ. 20 ಆದರೆ ಆ ಹಣ ಮರಳಲು 30 ಲಕ್ಷದ ಹೆಚ್ಚುವರಿ ಮಾರಾಟ ಬೇಕು. ಎರಡು ವರ್ಷದಲ್ಲಿ ಎಂದರೆ ತಿಂಗಳಿಗೆ 1.25 ಲಕ್ಷ. ಅಷ್ಟು ಎಲ್ಲಿಂದ ಬರುತ್ತದೆಂದು ಹೇಳಲಾಗದಿದ್ದರೆ ಸದ್ಯಕ್ಕೆ ಬೇಡ. ಗಿರಾಕಿ ಕಾಲಿಡುವ ಜಾಗದ ಬೆಳಕು, ಕುರ್ಚಿ, ಶೌಚಾಲಯ ಮಾರಾಟದ ಭಾಗವೇ, ಅವಕ್ಕೆ ಜಿಪುಣತನ ಸಲ್ಲದು. ಯಜಮಾನರ ಕ್ಯಾಬಿನ್ ಕೊನೆಗೆ.

ಕಾಯಿಲೆಯ ಗುರುತು

ಅಸಾಮರ್ಥ್ಯವೂ ಹೊಟ್ಟೆಕಿಚ್ಚೂ ಒಬ್ಬರಲ್ಲೇ ಸೇರಿದಾಗ ಸಂಸ್ಥೆಗೆ ಹಿಡಿಯುವ ಕಾಯಿಲೆಯೊಂದನ್ನು ಪಾರ್ಕಿನ್‌ಸನ್ ವಿವರಿಸುತ್ತಾರೆ. ಅಂಥವರು ಅಧಿಕಾರಕ್ಕೆ ಬಂದರೆ ತಮಗಿಂತ ಬಲ್ಲವರನ್ನು ಸೇರಿಸಿಕೊಳ್ಳುವುದಿಲ್ಲ, ಇರುವವರನ್ನು ಉಳಿಯಗೊಡುವುದಿಲ್ಲ. ಕುಟುಂಬದವರೇ ನಡೆಸುವ ಸಂಸ್ಥೆಗಳು ಇದನ್ನು ಎರಡು ಸಲ ಓದಬೇಕು.

ಕಳೆದ ಎರಡು ವರ್ಷದಲ್ಲಿ ಬಿಟ್ಟುಹೋದವರ ಹೆಸರು, ಯಾರ ಕೈಕೆಳಗಿದ್ದರು, ಈಗ ಎಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಒಬ್ಬರೇ ಮೇಲ್ವಿಚಾರಕರ ಕೈಕೆಳಗಿನಿಂದ ಮೂವರು ಹೋಗಿ, ಮೂವರೂ ಈಗ ಹೆಚ್ಚಿನ ಹುದ್ದೆಯಲ್ಲಿದ್ದರೆ ತೊಂದರೆ ಹೋದವರದ್ದಲ್ಲ. ಮುಂದಿನ ನೇಮಕದಲ್ಲಿ ಆ ಮೇಲ್ವಿಚಾರಕರ ಜೊತೆ ಬೇರೆ ವಿಭಾಗದ ಒಬ್ಬರನ್ನು ಕೂರಿಸಿ, ಇಬ್ಬರೂ ಅಂಕಗಳನ್ನು ಬೇರೆ ಬೇರೆ ಬರೆದ ಮೇಲೆ ಮಾತಾಡಲಿ. ಹೋದವರಲ್ಲಿ ಇಬ್ಬರಿಗಾದರೂ ಯಜಮಾನರೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ಜನ ನಿಜ ಹೇಳುತ್ತಾರೆ.

ಯಾವುದು ಮೊದಲು

ಎಲ್ಲವನ್ನೂ ಒಂದೇ ತಿಂಗಳಲ್ಲಿ ಹಿಡಿಯಬೇಡಿ. ಮೊದಲ ತಿಂಗಳು ಕೊಟೇಶನ್ನಿನ ದಾರಿ. ಅದರ ಫಲ ಗಿರಾಕಿಗೆ ಬೇಗ ಕಾಣುವುದರಿಂದ ಸಿಬ್ಬಂದಿಗೂ ನಂಬಿಕೆ ಬರುತ್ತದೆ. ಎರಡನೇ ತಿಂಗಳು ಜಾಹೀರಾತು, ಮೂರನೆಯದರಲ್ಲಿ ಸಭೆ. ಜನರ ಲೆಕ್ಕ ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ. ಹತ್ತು ಕೊಟೇಶನ್ನುಗಳ ಪರೀಕ್ಷೆಯನ್ನು ನಾಲ್ಕನೇ ತಿಂಗಳು ಮತ್ತೆ ಮಾಡಿ, ಏಕೆಂದರೆ ತೆಗೆದುಹಾಕಿದ ಸಹಿಗಳು ಹೊಸ ಹೆಸರಿನಲ್ಲಿ, 'ಒಮ್ಮೆ ನೋಡಿಬಿಡಿ' ಎಂಬ ವಾಟ್ಸಾಪ್ ಸಂದೇಶದ ರೂಪದಲ್ಲಿ, ಮರಳಿ ಬಂದಿರುತ್ತವೆ. ಅವನ್ನೂ ಒಂದು ಹಂತವೆಂದೇ ಎಣಿಸಿ.